ಹೊಗೆಕೊಳವೆಯ ಕಾವಲುಗಾರ

ಮನೆಮನೆಗೆ ವಿದ್ಯುದ್ದೀಪ ಬರುವ ಮುನ್ನ ಕನ್ನಡನಾಡಿನ ಹಳ್ಳಿಗಳಲ್ಲಿ ಸಂಜೆಯ ಮೊದಲ ಕೆಲಸವೆಂದರೆ ಲಾಟೀನಿನ ಗಾಜನ್ನು ಒರೆಸುವುದು. ಒಣಬಟ್ಟೆಗೆ ಚಿಟಿಕೆ ಬೂದಿ ಹಚ್ಚಿ ತಿಕ್ಕಿದರೆ ಹಿಂದಿನ ರಾತ್ರಿಯ ಮಸಿಯೆಲ್ಲ ಹೋಗಿ ಗಾಜು ಥಳಥಳಿಸುತ್ತಿತ್ತು. ಒರೆಸಿದ ಗಾಜು ನಿಧಾನವಾಗಿ ಮಬ್ಬಾದರೆ ಬತ್ತಿ ಸರಿಯಾಗಿದೆಯೆಂದೂ, ಹಚ್ಚಿದ ಗಳಿಗೆಯಲ್ಲೇ ಕಪ್ಪಾದರೆ ಬತ್ತಿ ಕೆಟ್ಟಿದೆಯೆಂದೂ ಮನೆಯ ಹಿರಿಯಳು ತೀರ್ಮಾನಿಸುತ್ತಿದ್ದಳು. ಅವಳಿಗೆ ಬೇರೆ ಮಾಪಕ ಬೇಕಿರಲಿಲ್ಲ. ಗಾಜು ಕಪ್ಪಾಗಲು ಹಿಡಿದ ಕಾಲವೇ ಅಳತೆ.

ಇಂದು ಮಹಾನಗರಗಳ ರಸ್ತೆಗಳಲ್ಲಿ ಓಡಾಡುವ ಅನೇಕ ಹೊಸ ಡೀಸೆಲ್ ವಾಹನಗಳ ಹೊಗೆಕೊಳವೆಯೊಳಗೆ ಇದೇ ತತ್ತ್ವದ ಮೇಲೆ ಕೆಲಸ ಮಾಡುವ ಬೆರಳುಗಾತ್ರದ ಉಪಕರಣವೊಂದು ಕುಳಿತಿರುತ್ತದೆ. ಅದೇ ಸೂಟ್ ಸೆನ್ಸರ್, ಅರ್ಥಾತ್ ಮಸಿ ಸಂವೇದಕ. ಮಸಿಯನ್ನು ಗುರುತಿಸುವುದಷ್ಟೇ ಅಲ್ಲದೆ, ತಾನು ಕೆಲಸ ಮಾಡಲು ಶಕ್ತವಾಗಿದೆಯೇ ಎಂದು ಪದೇಪದೇ ಪರೀಕ್ಷೆಗೆ ಒಳಗಾಗುವುದು ಇದರ ವಿಶೇಷ. ನಗರವಾಸಿಗಳ ಆರೋಗ್ಯಕ್ಕೂ ಈ ಪರೀಕ್ಷೆಗೂ ನಿಕಟ ಸಂಬಂಧವಿದೆ.

ಕಣ್ಣಿಗೆ ಕಾಣದ ಶತ್ರು

ಬಾಲ್ಕನಿಯಲ್ಲಿ ಒಣಹಾಕಿದ ಬಿಳಿಯ ಪಂಚೆಯ ಮೇಲೆ ಕೂರುವ ಕರಿಯ ಹುಡಿ ಮಹಾನಗರದ ಗೃಹಿಣಿಗೆ ಚಿರಪರಿಚಿತ. ಆದರೆ ಕಾಣುವ ಹುಡಿಗಿಂತ ಕಾಣದ ಹುಡಿಯೇ ಹೆಚ್ಚು ಅಪಾಯಕಾರಿ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು ೫೦ರಿಂದ ೭೦ ಮೈಕ್ರೋಮೀಟರ್. ಡೀಸೆಲ್ ಮಸಿಯ ಕಣಗಳಲ್ಲಿ ಬಹುಪಾಲು ಒಂದು ಮೈಕ್ರೋಮೀಟರಿಗಿಂತಲೂ ಚಿಕ್ಕವು. ದೊಡ್ಡ ಧೂಳನ್ನು ಮೂಗಿನ ರೋಮಗಳೂ ಗಂಟಲಿನ ಲೋಳೆಯೂ ತಡೆಯುತ್ತವೆ. ಈ ಸೂಕ್ಷ್ಮಕಣಗಳಾದರೋ ಯಾರ ಅಪ್ಪಣೆಯನ್ನೂ ಕೇಳದೆ ಶ್ವಾಸಕೋಶದ ಕೊನೆಯ ವಾಯುಕೋಶಗಳವರೆಗೆ ಇಳಿಯುತ್ತವೆ. ಅತಿ ಚಿಕ್ಕವು ರಕ್ತವನ್ನೂ ಸೇರಬಲ್ಲವು. ಉಬ್ಬಸ ಉಲ್ಬಣಿಸುವುದು, ಹೃದಯಾಘಾತ ಹಾಗೂ ಪಾರ್ಶ್ವವಾಯುವಿನ ಸಂಭವ ಹೆಚ್ಚುವುದು ಇದರ ಫಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೮೮ರಲ್ಲಿ ಡೀಸೆಲ್ ಹೊಗೆಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು ವರ್ಗೀಕರಿಸಿತ್ತು. ೨೦೧೨ರಲ್ಲಿ ಆ ‘ಬಹುಶಃ’ವನ್ನು ಕಿತ್ತುಹಾಕಿ, ಅದು ಮನುಷ್ಯನಿಗೆ ಕ್ಯಾನ್ಸರ್ ತರುವುದು ನಿಶ್ಚಿತವೆಂದು ಸಾರಿತು. ಉಸಿರಾಡುವ ಗಾಳಿಯ ಒಂದು ಘನಮೀಟರಿನಲ್ಲಿ ೨.೫ ಮೈಕ್ರೋಮೀಟರಿಗಿಂತ ಚಿಕ್ಕ ಕಣಗಳು ವರ್ಷದ ಸರಾಸರಿಯಲ್ಲಿ ೫ ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ೨೦೨೧ರ ಸಲಹೆ. ಭಾರತವು ೨೦೦೯ರಲ್ಲಿ ವಿಧಿಸಿಕೊಂಡ ಮಿತಿ ೪೦.

ಜೇನುಗೂಡಿನಂಥ ಜರಡಿ

ಭಾರತ್ ಸ್ಟೇಜ್ ೬ ನಿಯಮಗಳು ೨೦೨೦ರ ಏಪ್ರಿಲ್ ೧ರಂದು ದೇಶಾದ್ಯಂತ ಜಾರಿಗೆ ಬಂದುವು. ಹಿಂದಿನ ನಿಯಮದಲ್ಲಿ ಡೀಸೆಲ್ ಕಾರೊಂದು ಕಿಲೋಮೀಟರಿಗೆ ೨೫ ಮಿಲಿಗ್ರಾಂ ಕಣಗಳನ್ನು ಉಗುಳಬಹುದಾಗಿತ್ತು. ಹೊಸ ಮಿತಿ ೪.೫ ಮಿಲಿಗ್ರಾಂ. ಇಷ್ಟು ಬಿಗಿಯಾದ ಮಿತಿಯನ್ನು ಪಾಲಿಸಲು ತಯಾರಕರು ಹೊಗೆಯ ದಾರಿಯಲ್ಲಿ ಪಿಂಗಾಣಿಯ ಶೋಧಕವೊಂದನ್ನು ಕೂರಿಸಿದರು. ಜೇನುಗೂಡಿನಂತೆ ನೂರಾರು ಓಣಿಗಳುಳ್ಳ ಈ ಶೋಧಕದಲ್ಲಿ ಪ್ರತಿ ಓಣಿಯೂ ಒಂದು ತುದಿಯಲ್ಲಿ ಮುಚ್ಚಿರುತ್ತದೆ. ಒಳಬಂದ ಹೊಗೆ ರಂಧ್ರಮಯವಾದ ಗೋಡೆಯ ಮೂಲಕವೇ ಪಕ್ಕದ ಓಣಿಗೆ ದಾಟಬೇಕು; ದಾಟುವಾಗ ಮಸಿಯ ಬಹುಪಾಲು ಗೋಡೆಯಲ್ಲೇ ಉಳಿಯುತ್ತದೆ.

ಉಳಿದ ಮಸಿಯನ್ನು ಎಂಜಿನ್ ಆಗಾಗ್ಗೆ ಸುಮಾರು ೬೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟುಹಾಕುತ್ತದೆ. ಆದರೆ ಆಮೆಯ ವೇಗದಲ್ಲಿ ತೆವಳುವ ನಗರದ ಸಂಚಾರದಲ್ಲಿ ಹೊಗೆಗೆ ಆ ಶಾಖ ಸುಲಭವಾಗಿ ದೊರೆಯದು. ಮಸಿ ಮಿತಿಮೀರಿ ಶೇಖರವಾಗಿ ಒಮ್ಮೆಲೇ ಹೊತ್ತಿಕೊಂಡರೆ ಪಿಂಗಾಣಿ ಬಿರುಕು ಬಿಡಬಹುದು, ಕರಗಲೂಬಹುದು. ಬಿರುಕು ಬಿಟ್ಟ ಶೋಧಕ ಹೊರನೋಟಕ್ಕೆ ಸರಿಯಾಗಿಯೇ ಇರುತ್ತದೆ; ಒಳಗಿನಿಂದ ವಿಷ ಸೋರುತ್ತದೆ. ಅದನ್ನು ಹಿಡಿಯುವುದಕ್ಕಾಗಿಯೇ ಶೋಧಕದ ಹಿಂದೆ ಮಸಿ ಸಂವೇದಕವಿರುವುದು.

ಮಸಿ ಕಟ್ಟುವ ಸೇತುವೆ

ಈ ಸಂವೇದಕದ ಹೃದಯವೆಂದರೆ ಒಂದು ಪುಟ್ಟ ಪಿಂಗಾಣಿಯ ಪಟ್ಟಿ. ಅದರ ಮೇಲೆ ಪ್ಲಾಟಿನಂ ಲೋಹದ ಎರಡು ಬಾಚಣಿಗೆಗಳ ಹಲ್ಲುಗಳು ಒಂದರೊಳಗೊಂದು ಸೇರಿ, ಆದರೆ ಪರಸ್ಪರ ಮುಟ್ಟದೆ ನಿಂತಿರುತ್ತವೆ. ನಡುವೆ ಅಂತರವಿರುವುದರಿಂದ ವಿದ್ಯುತ್ತು ಹರಿಯದು. ಮಸಿಯು ಇಂಗಾಲ, ಇಂಗಾಲ ವಿದ್ಯುದ್ವಾಹಕ. ಕಣಕಣವಾಗಿ ಮಸಿ ಕುಳಿತು ಹಲ್ಲುಗಳ ನಡುವೆ ಸೇತುವೆ ಕಟ್ಟಿದಾಗ ವಿದ್ಯುತ್ತು ಹರಿಯತೊಡಗುತ್ತದೆ. ಆಗ ಒಳಗಿನ ಕಾಯಿಸುವ ತಂತಿ ಪಟ್ಟಿಯನ್ನು ೬೦೦ ಡಿಗ್ರಿಗೂ ಮಿಗಿಲಾಗಿ ಕಾಯಿಸಿ ಮಸಿಯನ್ನು ಸುಡುತ್ತದೆ. ಮತ್ತೆ ಎಣಿಕೆ ಮೊದಲಿನಿಂದ. ಸೇತುವೆ ಕಟ್ಟಲು ದೀರ್ಘಕಾಲ ಹಿಡಿದರೆ ಶೋಧಕ ಕ್ಷೇಮ. ಬೇಗನೆ ಕಟ್ಟಿಕೊಂಡರೆ ಶೋಧಕ ಒಡೆದಿದೆ. ಲಾಟೀನಿನ ಗಾಜಿನ ಲೆಕ್ಕಾಚಾರವೇ ಇದು!

ಮೌನ ಕ್ಷೇಮದ ಗುರುತಲ್ಲ

ಇಲ್ಲಿಯೇ ಒಂದು ತೊಡಕಿದೆ. ಶೋಧಕ ಸುಸ್ಥಿತಿಯಲ್ಲಿದ್ದರೆ ಸಂವೇದಕದಲ್ಲಿ ವಿದ್ಯುತ್ತಿಲ್ಲ. ಸಂವೇದಕದ ತಂತಿಯೇ ಕಡಿದುಹೋಗಿದ್ದರೂ ವಿದ್ಯುತ್ತಿಲ್ಲ! ನಿದ್ದೆಹೋದ ಕಾವಲುಗಾರನೂ ಕಳ್ಳರಿಲ್ಲದ ರಾತ್ರಿಯ ಕಾವಲುಗಾರನೂ ಸಮಾನವಾಗಿ ಮೌನಿಗಳೇ. ಮೌನವನ್ನು ಸಮ್ಮತಿಯೆನ್ನಬಹುದು, ಕ್ಷೇಮವೆನ್ನಲಾಗದು.

ವೈದ್ಯರಿಗೆ ಈ ಸಮಸ್ಯೆ ಹೊಸದಲ್ಲ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಜಡವಾದ ರೋಗಿಗೆ ಮುಳ್ಳು ಚುಚ್ಚಿದರೂ ನೋವಾಗದು. ‘ನೋವಿಲ್ಲ’ವೆಂಬ ಅವನ ಮಾತನ್ನು ನಂಬಿ ಕುಳಿತರೆ ಹುಣ್ಣು ಕೊಳೆತು ಕಾಲಿಗೇ ಸಂಚಕಾರ ಬಂದೀತು. ಆದ್ದರಿಂದ ವೈದ್ಯರು ೧೦ ಗ್ರಾಂ ಒತ್ತಡ ನೀಡುವ ನೈಲಾನ್ ಎಳೆಯನ್ನು ಪಾದಕ್ಕೆ ತಾಗಿಸಿ ‘ತಿಳಿಯಿತೇ?’ ಎಂದು ಕೇಳುತ್ತಾರೆ. ಗೊತ್ತಾದ ಪ್ರಚೋದನೆಯನ್ನು ಕೊಟ್ಟು ಉತ್ತರ ಬರುತ್ತದೆಯೇ ಎಂದು ನೋಡುವುದೇ ಪರೀಕ್ಷೆಯ ಮರ್ಮ.

ಸಂವೇದಕದಲ್ಲಿ ನಡೆಯುವುದೂ ಇದೇ. ಒಂದು ವಿಧಾನದಲ್ಲಿ ಬಾಚಣಿಗೆಗಳ ನಡುವೆ ಗೊತ್ತಾದ ಅಳತೆಯ ದೊಡ್ಡ ವಿದ್ಯುತ್ ತಡೆಯೊಂದನ್ನು ಜೋಡಿಸಿರುತ್ತಾರೆ. ಅದರ ಮೂಲಕ ಅತ್ಯಲ್ಪ ವಿದ್ಯುತ್ತು ಸದಾ ಹರಿಯುತ್ತಿರುತ್ತದೆ. ಅದೂ ನಿಂತಿತೆಂದರೆ ತಂತಿ ಕಡಿದಿದೆಯೆಂದೇ ಅರ್ಥ. ಇನ್ನೊಂದು ವಿಧಾನ ಪಿಂಗಾಣಿಯ ಸ್ವಭಾವವನ್ನೇ ಬಳಸಿಕೊಳ್ಳುತ್ತದೆ. ತಣ್ಣಗಿರುವಾಗ ವಿದ್ಯುತ್ತನ್ನು ತಡೆಯುವ ಪಿಂಗಾಣಿ ಅತಿಯಾಗಿ ಕಾದಾಗ ಒಂದಿಷ್ಟು ಹರಿಯಗೊಡುತ್ತದೆ. ಮಸಿ ಸುಟ್ಟ ಮೇಲೆ, ಪಟ್ಟಿ ಇನ್ನೂ ಕಾದಿರುವಾಗ ಆ ಕಿಂಚಿತ್ ಪ್ರವಾಹ ಕಂಡುಬಂದರೆ ಬಾಚಣಿಗೆಗಳು ಜೀವಂತ. ಪಟ್ಟಿ ಆರಿದ ನಂತರವೂ ಪ್ರವಾಹ ನಿಲ್ಲದಿದ್ದರೆ ಸುಡದೆ ಉಳಿದ ಮಸಿಯೋ ತಂತಿಗಳ ಬೆಸುಗೆಯೋ ಇದೆಯೆಂದು ತಿಳಿಯಬೇಕು. ಉತ್ತರ ತಪ್ಪಾದಾಗ ಚಾಲಕನ ಮುಂದಿನ ಫಲಕದಲ್ಲಿ ಹಳದಿ ದೀಪ ಬೆಳಗುತ್ತದೆ.

ದೀಪ ಬೆಳಗಿದಾಗ

ಆ ದೀಪವನ್ನು ಕಂಡು ‘ಗಾಡಿ ಓಡುತ್ತಿದೆಯಲ್ಲ’ ಎಂದು ಸುಮ್ಮನಿರುವವರಿದ್ದಾರೆ. ದುರಸ್ತಿಯ ಖರ್ಚು ತಪ್ಪಿಸಲು ಶೋಧಕವನ್ನೇ ಕಿತ್ತೆಸೆದು, ಸಂವೇದಕದ ಬಾಯಿ ಮುಚ್ಚಿಸುವವರೂ ಇದ್ದಾರೆ. ಇದು ನರ ಕತ್ತರಿಸಿ ನೋವು ಕಳೆದಂತೆ. ಹೊಗೆಯ ಮಾಮೂಲು ತಪಾಸಣೆಯಲ್ಲಿ ಡೀಸೆಲ್ ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆಂಬುದನ್ನು ಅಳೆಯುತ್ತಾರೆ. ಹೊಸ ಎಂಜಿನ್ನುಗಳ ತಿಳಿಹೊಗೆಯಲ್ಲಿ ಶೋಧಕದ ಬಿರುಕು ಅದಕ್ಕೆ ಸಿಕ್ಕದೆ ಹೋಗಬಹುದು. ಈ ಕಾರಣದಿಂದಲೇ ಬೆಲ್ಜಿಯಂ ೨೦೨೨ರಲ್ಲೂ ನೆದರ್ಲೆಂಡ್ಸ್ ಹಾಗೂ ಜರ್ಮನಿಗಳು ೨೦೨೩ರಲ್ಲೂ ವಾಹನ ತಪಾಸಣೆಯಲ್ಲಿ ಕಣಗಳನ್ನೇ ಎಣಿಸುವ ಯಂತ್ರಗಳನ್ನು ಬಳಕೆಗೆ ತಂದವು.

ಡೀಸೆಲ್ ವಾಹನವುಳ್ಳವರು ಮಾಡಬೇಕಾದುದು ಬಹಳವಿಲ್ಲ. ಶೋಧಕದ ದೀಪ ಕಂಡಾಗ ಕೈಪಿಡಿಯಲ್ಲಿ ಹೇಳಿರುವಂತೆ ತೆರೆದ ರಸ್ತೆಯಲ್ಲಿ ಕೆಲಕಾಲ ಸಮವೇಗದಲ್ಲಿ ಓಡಿಸಿ ಮಸಿ ಸುಡಲು ಅವಕಾಶ ಕೊಡುವುದು. ದೀಪ ಆರದಿದ್ದರೆ ತಡಮಾಡದೆ ತಜ್ಞರಿಗೆ ತೋರಿಸುವುದು. ಹಳೆಯ ವಾಹನವನ್ನು ಕೊಳ್ಳುವಾಗ ಶೋಧಕವೂ ಸಂವೇದಕವೂ ಸ್ವಸ್ಥಾನದಲ್ಲಿವೆಯೇ ಎಂದು ಕೇಳುವುದು. ದಿನವಿಡೀ ನಗರದೊಳಗೇ ಚಿಕ್ಕಪುಟ್ಟ ಓಡಾಟವಿರುವವರು ಡೀಸೆಲ್ ವಾಹನ ಬೇಕೇ ಎಂದು ಕೊಳ್ಳುವ ಮುನ್ನವೇ ಯೋಚಿಸುವುದು.

ಹೊಗೆಕೊಳವೆ ಇರುವುದು ವಾಹನದ ಹಿಂಭಾಗದಲ್ಲಿ. ಅದು ಉಗುಳಿದ್ದನ್ನು ಒಡೆಯ ಉಸಿರಾಡುವುದಿಲ್ಲ. ಹಿಂದೆ ಬರುವ ಸ್ಕೂಟರಿನವನೂ, ಬಸ್ಸಿಗೆ ಕಾದು ನಿಂತ ಶಾಲೆಯ ಹುಡುಗಿಯೂ ಉಸಿರಾಡುತ್ತಾರೆ. ಅವರಿಗೆ ಆ ಹಳದಿ ದೀಪ ಕಾಣಿಸುವುದಿಲ್ಲ. ಕಾಣಿಸುವುದು ಸ್ಟಿಯರಿಂಗ್ ಹಿಡಿದವನೊಬ್ಬನಿಗೇ.