ಮುರಿದ ಬೇಲಿಯೂ ಹೊಲ ಮೇಯುವುದುಂಟೆ?

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ವಾಚಕರೆಲ್ಲರೂ ಬಲ್ಲರು. ಶರೀರದ ರೋಗನಿರೋಧಕ ಶಕ್ತಿಯು ಪರಕೀಯ ರೋಗಾಣುಗಳ ಮೇಲೆ ಬೀಳುವ ಬದಲು ತನ್ನದೇ ಅಂಗಾಂಗಗಳ ಮೇಲೆ ತಿರುಗಿಬಿದ್ದರೆ ಅದನ್ನು ವೈದ್ಯರು ‘ಆಟೊಇಮ್ಯೂನ್’ ರೋಗವೆನ್ನುತ್ತಾರೆ. ರುಮಟಾಯ್ಡ್ ಸಂಧಿವಾತ, ಲೂಪಸ್, ಥೈರಾಯಿಡ್ ಗ್ರಂಥಿಯನ್ನು ಕೆರಳಿಸುವ ಗ್ರೇವ್ಸ್ ರೋಗ ಇವೆಲ್ಲ ಈ ಗುಂಪಿನವು. ಎಚ್.ಐ.ವಿ. ಎಂಬ ವೈರಾಣುವಾದರೋ ಬೇಲಿಯನ್ನೇ ಮುರಿಯತಕ್ಕದ್ದು. ಮುರಿದ ಬೇಲಿಯೂ ಹೊಲ ಮೇಯುವುದುಂಟೆ? ಉಂಟು ಎಂಬುದೇ ವೈದ್ಯರ ಅನುಭವ.

ಎಚ್.ಐ.ವಿ.ಯು ನಾಶಗೊಳಿಸುವುದು ಸಿ.ಡಿ.4 ಎಂಬ ಬಿಳಿ ರಕ್ತಕಣಗಳನ್ನು. ಇವುಗಳಲ್ಲಿ ಹೋರಾಟಕ್ಕೆ ಪ್ರೇರಿಸುವವೂ ಇವೆ, ಅತಿರೇಕವನ್ನು ತಡೆಯುವವೂ ಇವೆ. ಆದುದರಿಂದ ಪರಿಣಾಮವು ಒಂದೇ ತೆರನಾಗಿರದು. ಈ ಕಣಗಳು ಕುಂದಿದಂತೆ ಕೆಲವರ ಸಂಧಿವಾತವು ತಾನಾಗಿ ಶಮನಗೊಂಡುದುಂಟು. ಮತ್ತೆ ಕೆಲವರಲ್ಲಿ ಶರೀರವೇ ಪ್ಲೇಟ್‌ಲೆಟ್ ಕಣಗಳನ್ನು ನಾಶಪಡಿಸಿ, ಒಸಡಿನಲ್ಲಿ ರಕ್ತ ಒಸರಿದುದೂ ಉಂಟು.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಚೆನ್ನೈ ನಗರದಲ್ಲಿ. ಸರಕಾರವು ಉಚಿತವಾಗಿ ಎ.ಆರ್.ಟಿ. ಔಷಧ ನೀಡತೊಡಗಿದುದು 2004ರಲ್ಲಿ. ಈ ಔಷಧದಿಂದ ವೈರಾಣು ಅಡಗಿ, ಸಿ.ಡಿ.4 ಕಣಗಳು ಮತ್ತೆ ಏರುತ್ತವೆ. ವಿಚಿತ್ರವೆಂದರೆ, ಈ ಚೇತರಿಕೆಯ ಕಾಲದಲ್ಲಿಯೇ, ಸಾಮಾನ್ಯವಾಗಿ ಚಿಕಿತ್ಸೆ ಆರಂಭವಾದ ಒಂದರಿಂದ ಮೂರು ವರ್ಷಗಳೊಳಗೆ, ಕೆಲವರಲ್ಲಿ ಗ್ರೇವ್ಸ್ ರೋಗವು ತಲೆದೋರುತ್ತದೆ. ಎದೆ ಡವಗುಟ್ಟುವುದು, ಕೈ ನಡುಗುವುದು, ವಿಪರೀತ ಬೆವರು, ಊಟ ಸೇರಿದರೂ ತೂಕ ಇಳಿಯುವುದು ಇದರ ಲಕ್ಷಣಗಳು.

ಅಪಾಯವಿರುವುದು ಇಲ್ಲಿಯೇ. ಮೈ ಇಳಿದುದನ್ನು ಕಂಡ ರೋಗಿಯು ಹಳೆಯ ವ್ಯಾಧಿಯೇ ಮರುಕಳಿಸಿತೆಂದೂ ಔಷಧವು ವ್ಯರ್ಥವೆಂದೂ ಬಗೆದು ಮಾತ್ರೆ ನಿಲ್ಲಿಸಿಬಿಡಬಹುದು. ನಿಲ್ಲಿಸಿದರೆ ಅಡಗಿದ್ದ ವೈರಾಣು ಮತ್ತೆ ಹೆಡೆಯೆತ್ತುವುದು. ಥೈರಾಯಿಡ್ ದೋಷವು ರಕ್ತಪರೀಕ್ಷೆಯಿಂದ ತಿಳಿಯತಕ್ಕದ್ದು, ಚಿಕಿತ್ಸೆಗೆ ಬಗ್ಗತಕ್ಕದ್ದು. ಅದರ ಸಲುವಾಗಿ ಎ.ಆರ್.ಟಿ.ಯನ್ನು ಬಿಡಬೇಕಾದುದಿಲ್ಲ.

ಇನ್ನೊಂದು ಅಪಾಯ, ಮುಚ್ಚುಮರೆ. ಊರು ಬಿಟ್ಟು ಮಹಾನಗರ ಸೇರಿದ ನಮ್ಮವರಲ್ಲಿ ‘ನಾಲ್ಕು ಜನಕ್ಕೆ ತಿಳಿದರೆ ಗತಿಯೇನು’ ಎಂಬ ಅಂಜಿಕೆ ಬಲವಾದುದು. ಕೀಲುನೋವಿಗೆ ಬೇರೊಬ್ಬ ವೈದ್ಯರಲ್ಲಿ ಹೋದಾಗ ಎಚ್.ಐ.ವಿ. ವಿಷಯವನ್ನು ಬಚ್ಚಿಟ್ಟರೆ, ಅವರು ಕೊಡುವ ಸ್ಟೀರಾಯ್ಡ್ ಔಷಧವು ರಿಟೊನಾವಿರ್‌ನಂಥ ಮಾತ್ರೆಯೊಡನೆ ಸೇರಿ ಶರೀರದಲ್ಲಿ ಮಿತಿಮೀರಿ ಸಂಚಯವಾಗಬಹುದು. ಸೋಂಕಿತರ ಗುಟ್ಟನ್ನು ಕಾಯುವ 2017ರ ಕಾಯಿದೆಯು 2018ರಿಂದ ಜಾರಿಯಲ್ಲಿದೆ. ಸಲಹೆಗೆ 1097 ಸಂಖ್ಯೆಯ ಉಚಿತ ದೂರವಾಣಿಯೂ ಇದೆ.

ಲೋಕಕ್ಕೆ ಹೇಳಬೇಕಿಲ್ಲ; ವೈದ್ಯರಿಗೆ ಮಾತ್ರ ಮರೆಮಾಚದಿರಿ. ಸೋಂಕಿತ ಬಂಧುವೊಬ್ಬರು ನಿಮ್ಮಲ್ಲಿ ಮನಬಿಚ್ಚಿದರೆ, ಆ ಮಾತನ್ನು ನಿಮ್ಮಲ್ಲಿಯೇ ಉಳಿಸಿಕೊಂಡು ಅವರೊಡನೆ ಆಸ್ಪತ್ರೆಯವರೆಗೆ ನಡೆಯಿರಿ. ಅವರ ಪಾಲಿಗೆ ಅದೂ ಒಂದು ಬೇಲಿಯೇ.