ಧಕ್ಕೆಗಳು ಉದ್ಯಾನವಾದ ದಡ: ಜಲಮಾರ್ಗದಲ್ಲಿ ಬ್ರೂಕ್ಲಿನ್

ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ಮತ್ತು ಬ್ರೂಕ್ಲಿನ್ ಭಾಗಗಳ ನಡುವೆ ಇರುವ ಈಸ್ಟ್ ರಿವರ್ ಹೆಸರಿಗೆ ನದಿಯಾದರೂ ವಾಸ್ತವದಲ್ಲಿ ಜಲಸಂಧಿ, ಎಂದರೆ ಎರಡು ಭೂಭಾಗಗಳ ನಡುವೆ ನುಸುಳಿದ ಕಿರಿದಾದ ಕಡಲು. ಆದ್ದರಿಂದಲೇ ಅದರ ನೀರು ಉಪ್ಪಾಗಿದ್ದು, ಉಬ್ಬರವಿಳಿತಕ್ಕೆ ತಕ್ಕಂತೆ ಹರಿವಿನ ದಿಕ್ಕು ಬದಲಾಗುತ್ತಿರುತ್ತದೆ. 2017ರಿಂದ ನಗರದ ಸಾರ್ವಜನಿಕ ದೋಣಿಗಳು ಓಡಾಡುತ್ತಿರುವ ಈ ನೀರಿನ ದಾರಿಯಲ್ಲಿ ಬಂದು ಬ್ರೂಕ್ಲಿನ್ ಸೇತುವೆಯ ಬುಡದಲ್ಲಿ ಇಳಿಯುವವರಿಗೆ, ರಸ್ತೆಯಿಂದ ಬಂದವರಿಗೆ ಕಾಣದ ಒಂದು ಸಂಗತಿ ಕಾಣುತ್ತದೆ: ಬ್ರೂಕ್ಲಿನ್ ಬ್ರಿಜ್ ಪಾರ್ಕ್ ಎಂಬ ಆ ವಿಶಾಲ ಉದ್ಯಾನದ ಒಂದು ದೊಡ್ಡ ಭಾಗ ನೆಲದ ಮೇಲಿಲ್ಲ, ನೀರಿನಲ್ಲಿ ನೆಟ್ಟ ಗೂಟಗಳ ಮೇಲಿದೆ.

ಈ ದಡದ ಚರಿತ್ರೆಯೆಲ್ಲ ದೋಣಿಯದೇ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬ್ರೂಕ್ಲಿನ್ ಕಾಳಗದಲ್ಲಿ ಸೋತ ಜಾರ್ಜ್ ವಾಷಿಂಗ್ಟನ್ 1776ರ ಆಗಸ್ಟ್ ಕೊನೆಯಲ್ಲಿ ಒಂದೇ ರಾತ್ರಿಯೊಳಗೆ ತನ್ನ ಸೇನೆಯನ್ನು ಸದ್ದಿಲ್ಲದೆ ಆಚೆ ದಡಕ್ಕೆ ಸಾಗಿಸಿದ್ದು ಇಲ್ಲಿಂದ; 1814ರಲ್ಲಿ ರಾಬರ್ಟ್ ಫುಲ್ಟನ್‌ನ ಉಗಿದೋಣಿ ಸಂಚಾರ ಆರಂಭಿಸಿ, ಬ್ರೂಕ್ಲಿನ್ ಪಟ್ಟಣ ಬೆಳೆಯಲು ಕಾರಣವಾದದ್ದೂ ಇಲ್ಲಿಯೇ. 1883ರಲ್ಲಿ ಸೇತುವೆ ತೆರೆದ ಬಳಿಕ ಜನರು ದೋಣಿಯನ್ನು ಬಿಡತೊಡಗಿದರು, 1924ರಲ್ಲಿ ಆ ಸೇವೆ ನಿಂತೇ ಹೋಯಿತು. ಸರಕಿನ ಹಡಗುಗಳು ಮಾತ್ರ ಇನ್ನೂ ಕೆಲವು ದಶಕ ಬರುತ್ತಿದ್ದವು. ಆದರೆ ಸರಕನ್ನು ಒಂದೇ ಅಳತೆಯ ಉಕ್ಕಿನ ಪೆಟ್ಟಿಗೆಗಳಲ್ಲಿ ತುಂಬಿ ಸಾಗಿಸುವ ಕಂಟೇನರ್ ಪದ್ಧತಿಗೆ ಬೇಕಾದ ವಿಸ್ತಾರವಾದ ಬಯಲು ಈ ಇಕ್ಕಟ್ಟಾದ ದಡದಲ್ಲಿ ಇರಲಿಲ್ಲವಾಗಿ, ವ್ಯಾಪಾರವು ನ್ಯೂಜೆರ್ಸಿಯ ಬಂದರುಗಳ ಪಾಲಾಯಿತು. 1983ರಲ್ಲಿ ಇಲ್ಲಿನ ಸರಕು ಕೆಲಸ ಕೊನೆಗೊಂಡಿತು.

ಉಳಿದದ್ದು ಖಾಲಿ ಧಕ್ಕೆಗಳು, ಎಂದರೆ ಹಡಗು ನಿಲ್ಲಲು ದಡದಿಂದ ನೀರಿನೊಳಕ್ಕೆ ಚಾಚಿ ಕಟ್ಟಿದ ವೇದಿಕೆಗಳು. ಇವುಗಳನ್ನು ಕೆಡವದೆ ಸುಮಾರು 85 ಎಕರೆಯ ಉದ್ಯಾನವಾಗಿ ರೂಪಿಸಿದ ಮೈಕೆಲ್ ವ್ಯಾನ್ ವಾಲ್ಕೆನ್‌ಬರ್ಗ್ ಅವರ ವಿನ್ಯಾಸ ಸಂಸ್ಥೆಯ ಜಾಣ್ಮೆ ಇರುವುದು ಅಲಂಕಾರದಲ್ಲಲ್ಲ, ಯಾವ ಧಕ್ಕೆ ಎಷ್ಟು ಭಾರ ತಾಳುತ್ತದೆ ಎಂಬ ಲೆಕ್ಕದಲ್ಲಿ. ಮಣ್ಣು ತುಂಬಿ ಕಟ್ಟಿದ್ದ ಒಂದನೆಯ ಧಕ್ಕೆ ಗುಡ್ಡವನ್ನೂ ಮರಗಳನ್ನೂ ಹೊರಬಲ್ಲದಾದ್ದರಿಂದ ಅಲ್ಲಿ ಅವು ಬಂದವು; ಗೂಟಗಳ ಮೇಲೆ ನಿಂತ ಎರಡನೆಯ ಮತ್ತು ಐದನೆಯ ಧಕ್ಕೆಗಳಿಗೆ ಹಗುರವಾದ ಆಟದ ಅಂಗಳಗಳು ಒದಗಿದವು. ಕೆಡವಿದ ಶೀತಲ ಗೋದಾಮಿನ ಪೈನ್ ತೊಲೆಗಳು ಬೆಂಚುಗಳಾದವು, ಹಳೆಯ ಸೇತುವೆಯೊಂದರ ಗ್ರಾನೈಟ್ ಚಪ್ಪಡಿಗಳು ಮ್ಯಾನ್‌ಹಟನ್‌ಗೆ ಮುಖಮಾಡಿದ ಮೆಟ್ಟಿಲುಗಳಾದವು. 2010ರಲ್ಲಿ ಮೊದಲ ಭಾಗ ಜನರಿಗೆ ತೆರೆಯಿತು. 2012ರ ಸ್ಯಾಂಡಿ ಚಂಡಮಾರುತದಲ್ಲಿ ಕಡಲು ಒಳನುಗ್ಗಿದರೂ, ಎತ್ತರಿಸಿದ ನೆಲ ಮತ್ತು ಉಪ್ಪು ತಾಳುವ ಸಸ್ಯಗಳಿಂದಾಗಿ ಉದ್ಯಾನ ಬೇಗ ಚೇತರಿಸಿಕೊಂಡಿತು.

ಗೂಟಗಳಿಗೆ ಎದುರಾಗಿರುವ ಅಪಾಯ ಇನ್ನೂ ಗಂಭೀರವಾದದ್ದು. ಕಲುಷಿತವಾಗಿದ್ದ ಕಾಲದಲ್ಲಿ ಈ ನೀರಿನಲ್ಲಿ ಬದುಕಲಾರದೆ ಹೋಗಿದ್ದ ಹಡಗುಹುಳುಗಳು, ಅಂದರೆ ಮರವನ್ನು ಕೊರೆದು ತಿನ್ನುವ ಒಂದು ಬಗೆಯ ಮೃದ್ವಂಗಿಗಳು, 1972ರ ಶುದ್ಧ ಜಲ ಕಾಯ್ದೆಯ ನಂತರ ನೀರು ತಿಳಿಯಾದಂತೆ ಮರಳಿ ಬಂದು ಮರದ ಗೂಟಗಳನ್ನು ಟೊಳ್ಳು ಮಾಡತೊಡಗಿದವು. ಸಾವಿರಾರು ಗೂಟಗಳಿಗೆ ನೀರೊಳಗೆ ಕಾಂಕ್ರೀಟಿನ ಕವಚ ತೊಡಿಸುವ ಕೆಲಸಕ್ಕೆ ಹುಲ್ಲು, ಹೂವುಗಳ ಆರೈಕೆಗಿಂತ ಎಷ್ಟೋ ಪಾಲು ಹೆಚ್ಚು ಹಣ ಬೇಕು. ಉದ್ಯಾನ ತನ್ನ ನಿರ್ವಹಣೆಯ ವೆಚ್ಚವನ್ನು ತಾನೇ ಗಳಿಸಬೇಕೆಂಬ ಕರಾರಿನಂತೆ ಅಂಚಿನ ಕೆಲವು ನಿವೇಶನಗಳಲ್ಲಿ ವಸತಿ ಕಟ್ಟಡಗಳಿಗೂ ಹೋಟೆಲಿಗೂ ಅವಕಾಶ ಕೊಡಲಾಗಿದ್ದು, ಆರನೆಯ ಧಕ್ಕೆಯ ಬಳಿಯ ಗೋಪುರಗಳ ವಿವಾದ ನ್ಯಾಯಾಲಯದವರೆಗೂ ಹೋಯಿತು. ಸಾರ್ವಜನಿಕ ದಡದಲ್ಲಿ ಖಾಸಗಿ ಮನೆಗಳೇಕೆ ಎಂಬ ನಿವಾಸಿಗಳ ಆಕ್ಷೇಪ ನ್ಯಾಯವಾದದ್ದೇ. ಆದರೆ ಪ್ರತಿ ವರ್ಷದ ಸರ್ಕಾರಿ ಅನುದಾನವನ್ನೇ ನಂಬಿ ಕುಳಿತಿದ್ದರೆ, ಯಾರ ಕಣ್ಣಿಗೂ ಬೀಳದ ಈ ನೀರೊಳಗಿನ ದುರಸ್ತಿಯೇ ಎಲ್ಲಕ್ಕಿಂತ ಮೊದಲು ಮುಂದೂಡಲ್ಪಡುತ್ತಿತ್ತು.