ಕಾತ್ರಜದ ನೀರು, ಕತೆಯ ಕಾಲ

1750ರ ಸುಮಾರಿಗೆ ನಾನಾಸಾಹೇಬ ಪೇಶ್ವೆ ಕಾತ್ರಜದ ಕೆರೆಯಿಂದ ಪುಣೆಯ ತನ್ನ ಅರಮನೆ ಶನಿವಾರವಾಡೆಯತ್ತ ನೆಲದಡಿಯ ಕಾಲುವೆ ತೆಗೆಸಿದ. ಮೈಲುಗಟ್ಟಲೆ ಕಣ್ಣಿಗೆ ಬೀಳದೆ ಹರಿದ ನೀರು ಪೇಟೆಯ ಹೌದುಗಳಲ್ಲಿ, ಅಂದರೆ ತೊಟ್ಟಿಗಳಲ್ಲಿ, ತಲೆಯೆತ್ತುತ್ತಿತ್ತು. ಗಾಳಿಯಾಡಲೆಂದು ದಾರಿಯುದ್ದಕ್ಕೂ ಬಾವಿಯಂಥ ಕಿಂಡಿಗಳು. ಕತೆಯೊಳಗಿನ ನೆನಪಿಗೂ ಇಂಥ ಕಿಂಡಿ ಬೇಕು. ಎಲ್ಲೆಂದರಲ್ಲಿ ಅಗೆದರೆ ಸಿಗುವುದು ಮಣ್ಣು.

ಅನಂತಮೂರ್ತಿಯವರ ‘ಅವಸ್ಥೆ’ಯ (1978) ಕೃಷ್ಣಪ್ಪ ಲಕ್ವ ಹೊಡೆದು ಮಲಗಿದ ರಾಜಕಾರಣಿ. ದನ ಕಾಯುತ್ತಿದ್ದ ದಿನಗಳು ಅವನಿಗೆ ನೆನಪಾಗುವುದು ಸುಮ್ಮನೆ ಅಲ್ಲ. ಮಂಚದ ಸುತ್ತ ಅಧಿಕಾರದ ಲೆಕ್ಕಾಚಾರ ನಡೆದಿದೆ. ಹಿಂದಿನದು ಇಂದಿನ ತೀರ್ಮಾನದ ಮೇಲೆ ಕೈಯಿಟ್ಟು ಒತ್ತುತ್ತದೆ. ಮರುವರ್ಷವೇ ಬಂದ ‘ಶಿಕಾರಿ’ಯಲ್ಲಿ ಯಶವಂತ ಚಿತ್ತಾಲರು ಮುಂಬಯಿಯ ನಾಗಪ್ಪನ ನೌಕರಿಗೆ ಕುತ್ತು ತಂದು, ಆ ಭಯದಿಂದಲೇ ಅವನ ಬಾಲ್ಯವನ್ನು ಕೆದಕುತ್ತಾರೆ. ಅದೇ 1979ರಲ್ಲಿ ಬಂದ ಭೈರಪ್ಪನವರ ‘ಪರ್ವ’ದಲ್ಲಿ ಯುದ್ಧ ಶುರುವಾಗುವ ಮೊದಲೇ ಕುಂತಿ, ದ್ರೌಪದಿ, ಭೀಮ ಒಬ್ಬೊಬ್ಬರಾಗಿ ತಮ್ಮ ಗತಕ್ಕೆ ಇಳಿಯುತ್ತಾರೆ. ಅವರ ವಿಚಾರಗಳ ಜೊತೆ ಜಗಳವಿರುವವರೂ ಈ ಕಟ್ಟಡವನ್ನು ಒಮ್ಮೆ ಬಿಚ್ಚಿ ನೋಡಬೇಕು.

“ಅವನ ಮನಸ್ಸು ಇಪ್ಪತ್ತು ವರ್ಷ ಹಿಂದಕ್ಕೋಡಿತು” ಎಂಬ ವಾಕ್ಯ ಕಂಡರೆ ನನಗೆ ಸಾಕಾಗುತ್ತದೆ. ಮನಸ್ಸು ಹಾಗೆ ಹೇಳಿಕೇಳಿ ಓಡುವುದಿಲ್ಲ.

ಒಂದು ಕತೆ ಊಹಿಸೋಣ. ಬೆಳಗಾವಿ ಕಡೆಯ ಮುದುಕನೊಬ್ಬ ಕಾತ್ರಜ ಚೌಕದಲ್ಲಿ ಬಸ್ಸಿಳಿಯುತ್ತಾನೆ. ಅವನ ಹೆಸರಿನ ಮನೆ ಮಾರಲು ಮಗ ಕಾಗದಪತ್ರ ಸಿದ್ಧಮಾಡಿ ಇಟ್ಟಿದ್ದಾನೆ, ಸಹಿಯೊಂದು ಬಾಕಿ. ಮುದುಕ ಹರೆಯದಲ್ಲಿ ಕೆಲಸ ಹುಡುಕಿ ಬಂದಾಗ ಹಳೇ ಘಾಟಿನ ಬೋಗದೆ ದಾಟಿದ್ದ. ಈಗ ಹೆದ್ದಾರಿಗೆ ಬೇರೆ ಸುರಂಗ. ಕಾಯುತ್ತ ಕೂತ ತಿರುವು ಬರಲೇ ಇಲ್ಲ. ಇಲ್ಲಿದೆ ಕಿಂಡಿ: ಬಾರದೆ ಹೋದ ತಿರುವು.

ಇಳಿಯುವುದಕ್ಕೆ ಕನ್ನಡದ ಕ್ರಿಯಾಪದವೇ ಮೆಟ್ಟಿಲು. ಮೊದಲೆರಡು ವಾಕ್ಯ “ಬಂದಿದ್ದ”, “ಕೇಳಿದ್ದ” ಎಂದಿದ್ದು, ಆಮೇಲೆ “ಬಂದ”, “ಕೇಳಿದ” ಎಂದು ಜಾರಿದರೆ ಓದುಗ ತನಗೆ ಗೊತ್ತಿಲ್ಲದೆ ಹಳೆಯ ಕಾಲದಲ್ಲಿರುತ್ತಾನೆ. ಪುಟಗಟ್ಟಲೆ “ಇದ್ದ, ಇದ್ದ” ಎಂದು ಎಳೆಯುವವರು ಅವನನ್ನು ಮೆಟ್ಟಿಲ ಮೇಲೇ ನಿಲ್ಲಿಸಿಬಿಡುತ್ತಾರೆ. ನಮ್ಮ ಮುದುಕ ಇಳಿದ ಆ ಕಾಲದಲ್ಲಿ, ಮರಾಠಿ ಬಾರದ ಹುಡುಗನಾಗಿದ್ದ ಅವನಿಗೆ ಜಾಗ ಕೊಟ್ಟ ಗೆಳೆಯನೊಬ್ಬ ಸಿಗಲಿ. ಈಗ ಮಾರಲಿರುವ ಮನೆಗೆ ಆ ಗೆಳೆಯನೂ ದುಡ್ಡು ಹಾಕಿದ್ದು, ಕಾಗದದಲ್ಲಿ ಅವನ ಹೆಸರಿಲ್ಲದ್ದು ತಿಳಿಯಲಿ.

ಮರಳಿ ಬರುವಾಗ “ಬೆಚ್ಚಿ ಎಚ್ಚೆತ್ತ” ಎಂದು ಬರೆಯುವುದು ಬೇಡ. ಮಗ ಪೆನ್ನು ಚಾಚಿದರೆ ಸಾಕು.